ಪತಂಗದ ಹೆಸರು ಪತ್ತೆ ಮಾಡುವುದು ಹೇಗೆ? ಬಣ್ಣ ಕೊನೆಗಿರಲಿ

ದೀಪದ ಪಕ್ಕದ ಗೋಡೆಗೆ ಅಂಟಿ ಕೂತ ಕಂದು ಪತಂಗದ ಫೋಟೊ ತೆಗೆದು, ಚಿತ್ರಗಳ ಪುಸ್ತಕ ತೆರೆದು ಪುಟ ತಿರುವಿದರೆ ಅದನ್ನೇ ಹೋಲುವಂಥವು ಹತ್ತಾರು ಸಿಗುತ್ತವೆ. ಅವುಗಳಲ್ಲಿ ಬಣ್ಣ ಚೆನ್ನಾಗಿ ಹೊಂದುವ ಒಂದನ್ನು ಆರಿಸಿ ಹೆಸರು ಬರೆದುಕೊಳ್ಳುವುದು ಹೊಸಬರೆಲ್ಲ ಮಾಡುವ ತಪ್ಪು. ಈವರೆಗೆ ಹೆಸರಿಟ್ಟಿರುವ ಚಿಟ್ಟೆಗಳು ಸುಮಾರು 18,000 ಪ್ರಭೇದ, ಪತಂಗಗಳು ಸುಮಾರು 1,60,000. ಇಷ್ಟೊಂದರಲ್ಲಿ ಕಂದು, ಬೂದು, ಮಾಸಲು ಬಿಳಿ ಎಂಬ ಕೆಲವೇ ಬಣ್ಣಗಳು ಮತ್ತೆ ಮತ್ತೆ ಬರುತ್ತವೆ. ಸಾಲದ್ದಕ್ಕೆ ಒಂದೇ ಪ್ರಭೇದದೊಳಗೂ ಬಣ್ಣ ಬದಲಾಗುತ್ತದೆ. ಬಿಸ್ಟನ್ ಬೆಟುಲೇರಿಯಾ ಎಂಬುದು ಬಿಳಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತಿರುವ ಪತಂಗ. ಅದರ ಅಚ್ಚಗಪ್ಪು ರೂಪ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1848ರಲ್ಲಿ ದಾಖಲಾಯಿತು. ಆ ಶತಮಾನ ಮುಗಿಯುವಷ್ಟರಲ್ಲಿ ಅಲ್ಲಿ ಬಿಳಿಯದ್ದೇ ಅಪರೂಪವಾಗಿತ್ತು. ಬಣ್ಣ ನಂಬಿದವರಿಗೆ ಅವು ಎರಡು ಪತಂಗ, ರೆಕ್ಕೆಯ ಆಕಾರ ನೋಡಿದವರಿಗೆ ಒಂದೇ.

ಹಾಗಾಗಿ ನೋಡುವ ಕ್ರಮವನ್ನೇ ತಿರುಗಿಸಿಕೊಳ್ಳಿ. ಮೊದಲು ಕೂತ ಭಂಗಿ, ಆಮೇಲೆ ರೆಕ್ಕೆಯ ಆಕಾರ, ಮೀಸೆ, ಮುಖ, ಗೆರೆ ಮತ್ತು ಚುಕ್ಕೆ, ಹಿಂದಿನ ರೆಕ್ಕೆ, ಹೊಟ್ಟೆ. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಕೈಯಲ್ಲಿ ಇರಬೇಕಾದದ್ದು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಮಿಲಿಮೀಟರ್ ಗುರುತಿರುವ ಚಿಕ್ಕ ಸ್ಕೇಲು, ಟಾರ್ಚ್, ಮುಚ್ಚಳವಿರುವ ಪಾರದರ್ಶಕ ಡಬ್ಬಿಗಳು, ತೆಳ್ಳನೆಯ ಮೆತ್ತನೆ ಕುಂಚ, ಹತ್ತಿರದ ಫೋಟೊ ತೆಗೆಯಬಲ್ಲ ಮೊಬೈಲ್, ನೋಟ್‌ಬುಕ್. ಭೂತಗನ್ನಡಿಯನ್ನು ಪತಂಗದ ಹತ್ತಿರ ಒಯ್ದು ದೂರದಿಂದ ಇಣುಕಿದರೆ ಏನೂ ಕಾಣದು. ಗಾಜನ್ನು ಕಣ್ಣಿನ ಹತ್ತಿರವೇ ಹಿಡಿದು, ಡಬ್ಬಿಯನ್ನು ಎರಡು-ಮೂರು ಸೆಂಟಿಮೀಟರ್ ದೂರದವರೆಗೆ ತನ್ನಿ.

ಪತಂಗಗಳನ್ನು ಕರೆಸಿಕೊಳ್ಳಲು ಒಂದು ಬಿಳಿ ಬಟ್ಟೆ, ಅದರ ಮುಂದೊಂದು ದೀಪ ಸಾಕು. ಚಂದ್ರನಿಲ್ಲದ, ಗಾಳಿಯಾಡದ, ಮೋಡ ಕವಿದ ಬೆಚ್ಚಗಿನ ರಾತ್ರಿ ಒಳ್ಳೆಯದು. ಪಾದರಸದ ದೀಪ ಅಥವಾ ನೇರಳಾತೀತ ಬೆಳಕಿನ ದೀಪ ಬಳಸುವವರು ಅದನ್ನು ನೇರವಾಗಿ ದಿಟ್ಟಿಸಬಾರದು. ಕಾದ ಪಾದರಸದ ಬಲ್ಬಿನ ಮೇಲೆ ಮಳೆಹನಿ ಬಿದ್ದರೆ ಗಾಜು ಒಡೆಯುತ್ತದೆ, ಮೇಲೊಂದು ಮರೆ ಇರಲಿ.

ಅದು ನಿಜಕ್ಕೂ ಪತಂಗವೇ?

ಕೇಳಲು ಬಾಲಿಶ ಅನ್ನಿಸಬಹುದು. ಆದರೆ ಬಚ್ಚಲಮನೆಯ ಗೋಡೆಯಲ್ಲಿ ಕೂರುವ, ಎರಡು-ಮೂರು ಮಿಲಿಮೀಟರಿನ ಬೂದುಬಣ್ಣದ ರೋಮಮಯ ಕೀಟ ಪತಂಗವಲ್ಲ, ನೊಣದ ಜಾತಿಯದ್ದು; ಅದಕ್ಕಿರುವುದು ಒಂದೇ ಜೊತೆ ರೆಕ್ಕೆ. ನೀರಿನ ಬಳಿ ದೀಪಕ್ಕೆ ಬರುವ ಕ್ಯಾಡಿಸ್ ನೊಣಗಳೂ ಮಂಕು ಪತಂಗದಂತೆಯೇ ರೆಕ್ಕೆ ಮಡಚಿ ಕೂರುತ್ತವೆ. ಭೂತಗನ್ನಡಿಯಲ್ಲಿ ನೋಡಿ: ಕ್ಯಾಡಿಸ್ ನೊಣದ ರೆಕ್ಕೆಯ ಮೇಲೆ ಕೂದಲಿದೆ, ಪತಂಗದ ರೆಕ್ಕೆಯ ಮೇಲೆ ಹೆಂಚು ಜೋಡಿಸಿದಂತೆ ಹುರುಪೆಗಳಿವೆ. ಬೆರಳಿಗೆ ಅಂಟುವ ಪುಡಿ ಈ ಹುರುಪೆಗಳೇ.

ಚಿಟ್ಟೆಯಿಂದ ಬೇರ್ಪಡಿಸಲು ಮೀಸೆಯ ತುದಿ ನೋಡಬೇಕು. ಚಿಟ್ಟೆಯದು ಬೆಂಕಿಕಡ್ಡಿಯಂತೆ ತುದಿಯಲ್ಲಿ ದಪ್ಪ. ಪತಂಗದ್ದು ದಾರದಂತೆ, ಗರಗಸದಂತೆ ಅಥವಾ ಗರಿಯಂತೆ. ಹಗಲು ಹಾರುವ ಜೈಗೀನಿಡೆ ಕುಟುಂಬದ (‘ಇಡೆ’ ಎಂದು ಮುಗಿಯುವ ಹೆಸರುಗಳು ಕುಟುಂಬದವು; ಕುಟುಂಬದೊಳಗೆ ಕುಲ, ಕುಲದೊಳಗೆ ಪ್ರಭೇದ) ಹಲವು ಪತಂಗಗಳಿಗೆ ಮೀಸೆಯ ತುದಿ ದಪ್ಪಗಿರುವುದರಿಂದ ಈ ಸೂತ್ರ ಅಲ್ಲಲ್ಲಿ ಕೈಕೊಡುತ್ತದೆ. ಆಗ ಎರಡನೆಯ ಸಾಕ್ಷಿ ಬೇಕು. ಹೆಚ್ಚಿನ ಪತಂಗಗಳಲ್ಲಿ ಹಿಂದಿನ ರೆಕ್ಕೆಯ ಬುಡದಿಂದ ಒಂದು ಬಿರುಗೂದಲು ಹೊರಟು ಮುಂದಿನ ರೆಕ್ಕೆಯ ಅಡಿಯ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ; ಹಾರುವಾಗ ಎರಡೂ ರೆಕ್ಕೆ ಒಟ್ಟಿಗೆ ಬಡಿಯುವುದು ಇದರಿಂದ. ಸಾಮಾನ್ಯವಾಗಿ ಗಂಡಿಗೆ ಒಂದೇ ದಪ್ಪ ಬಿರುಗೂದಲು, ಹೆಣ್ಣಿಗೆ ಎರಡು ಅಥವಾ ಹೆಚ್ಚು ತೆಳುವಾದವು. ಚಿಟ್ಟೆಗಳಲ್ಲಿ ಈ ಏರ್ಪಾಡಿಲ್ಲ. ಆಸ್ಟ್ರೇಲಿಯಾದ ಒಂದೇ ಒಂದು ಸ್ಕಿಪ್ಪರ್ ಚಿಟ್ಟೆಯ ಗಂಡಿನಲ್ಲಿ ಮಾತ್ರ ಇದೆ. ಪ್ರಕೃತಿಗೆ ನಮ್ಮ ಸೂತ್ರ ಮುರಿಯುವ ಚಟ.

ಮುಟ್ಟುವ ಮೊದಲು ಫೋಟೊ

ಪತಂಗ ಕೂತ ಭಂಗಿಯೇ ಅರ್ಧ ಉತ್ತರ. ಡಬ್ಬಿಗೆ ಹಾಕಿದ ಕ್ಷಣ ಅದು ಬಡಿದಾಡಿ ಭಂಗಿ ಕೆಡಿಸಿಕೊಳ್ಳುತ್ತದೆ, ಹುರುಪೆಯನ್ನೂ ಉದುರಿಸಿಕೊಳ್ಳುತ್ತದೆ. ಆದ್ದರಿಂದ ಕೂತಲ್ಲೇ ನಾಲ್ಕು ಫೋಟೊ ತೆಗೆಯಿರಿ: ನೇರ ಬೆನ್ನ ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಮುಖ, ಪಕ್ಕದಲ್ಲಿ ಸ್ಕೇಲಿಟ್ಟು ಮತ್ತೊಂದು. ಮೇಲಿನಿಂದ ತೆಗೆಯುವಾಗ ಮೊಬೈಲ್ ರೆಕ್ಕೆಗೆ ಸಮಾನಾಂತರವಾಗಿರಲಿ. ಸ್ವಲ್ಪ ಓರೆಯಾದರೂ ಅಗಲದ ರೆಕ್ಕೆ ಕಿರಿದಾಗಿ ಕಾಣುತ್ತದೆ, ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಫ್ಲ್ಯಾಷ್ ಹಾಕಿದರೆ ಹೊಳಪು ಹುರುಪೆಗಳು ಬಿಳಿ ಚುಕ್ಕೆಯಂತೆ ಬೀಳಬಹುದು. ಟಾರ್ಚನ್ನು ಪಕ್ಕದಿಂದ ಹಿಡಿದು ಫ್ಲ್ಯಾಷ್ ಇಲ್ಲದೆಯೂ ಒಂದು ತೆಗೆಯಿರಿ.

ಅಳತೆಯ ವಿಷಯದಲ್ಲಿ ಒಂದು ಮಾತು. ಪುಸ್ತಕಗಳು ರೆಕ್ಕೆ ಹರವನ್ನು ಕೊಡುತ್ತವೆ, ಅಂದರೆ ಸೂಜಿ ಚುಚ್ಚಿ ಹರಡಿದ ಮಾದರಿಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ. ಜೀವಂತ ಪತಂಗ ಹಾಗೆ ಕೂರುವುದು ಕಡಿಮೆ. ಮುಂದಿನ ರೆಕ್ಕೆ ಎದೆಗೆ ಸೇರುವ ಜಾಗದಿಂದ ಅದರ ತುದಿಯವರೆಗಿನ ಉದ್ದ ಅಳೆದು ಬರೆಯಿರಿ. ರೆಕ್ಕೆ ಹರವು ಇದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಎದೆಯ ಅಗಲ ಸೇರುವುದರಿಂದ.

ಹಿಂದಿನ ರೆಕ್ಕೆ ನೋಡಬೇಕೆಂದರೆ ಪತಂಗವನ್ನು ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಕೆಳಭಾಗದಲ್ಲಿ ಹತ್ತು-ಹದಿನೈದು ನಿಮಿಷ ಇಡಿ. ಫ್ರೀಜರಿನಲ್ಲಿ ಬೇಡ, ಸಾಯುತ್ತದೆ. ಹೊರತೆಗೆದು, ಮುಂದಿನ ರೆಕ್ಕೆಯ ಮುಂಅಂಚನ್ನು ಕುಂಚದಿಂದ ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಹಿಂದಿನದು ತೆರೆದುಕೊಳ್ಳುತ್ತದೆ. ಪತಂಗ ನಡುಗತೊಡಗಿದರೆ ಹೆದರಿಕೆಯಿಂದಲ್ಲ. ಹಾರುವ ಸ್ನಾಯುಗಳನ್ನು ಅದು ಬಿಸಿ ಮಾಡಿಕೊಳ್ಳುತ್ತಿದೆ. ನಿಮಗೆ ಉಳಿದಿರುವುದು ಒಂದೆರಡು ನಿಮಿಷ. ಬಾಲದ ತುದಿಯಲ್ಲಿ ದಟ್ಟ ಹಳದಿ ಅಥವಾ ಕಂದು ಕೂದಲ ಕುಚ್ಚಿರುವ ಬಿಳಿ, ಹಳದಿ ಪತಂಗಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಯೂಪ್ರಾಕ್ಟಿಸ್ ಕುಲದ ಕೆಲವು ಪತಂಗಗಳ ಕುಚ್ಚಿನ ಕೂದಲು ಚರ್ಮಕ್ಕೆ ತಾಗಿದರೆ ತುರಿಕೆ, ದದ್ದು ಏಳುತ್ತವೆ.

ಭಂಗಿ ಓದುವುದು

ಇಂಗ್ಲಿಷ್ ‘ಟಿ’ ಅಕ್ಷರದಂತೆ ರೆಕ್ಕೆಯನ್ನು ಎರಡೂ ಕಡೆ ಕಡ್ಡಿಯಾಗಿ ಚಾಚಿ ಕೂತಿದ್ದರೆ ಅದು ಟೆರೊಫೊರಿಡೆ, ಗರಿ ಪತಂಗ. ಈ ಕುಟುಂಬದ ಹೆಚ್ಚಿನವುಗಳಲ್ಲಿ ಮುಂದಿನ ರೆಕ್ಕೆ ಎರಡಾಗಿಯೂ ಹಿಂದಿನದು ಮೂರಾಗಿಯೂ ಸೀಳಿಕೊಂಡಿರುತ್ತದೆ. ಕೂತಾಗ ಎಲ್ಲವನ್ನೂ ಸುರುಳಿ ಸುತ್ತಿ ಒಂದೇ ಕಡ್ಡಿ ಮಾಡಿಕೊಳ್ಳುತ್ತದೆ. ಜೆಟ್ ವಿಮಾನದಂತೆ ಚೂಪಾದ ಕಿರಿದು ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿ, ಮೊನೆಯಂತೆ ಮುಗಿಯುವ ದಪ್ಪ ಹೊಟ್ಟೆ ತೋರಿಸಿದರೆ ಹಾಕ್ ಮಾತ್, ಸ್ಫಿಂಜಿಡೆ. ಇವೆರಡರಲ್ಲಿ ಹೊಸಬರೂ ತಪ್ಪುವುದಿಲ್ಲ.

ಗೊಂದಲ ಶುರುವಾಗುವುದು ಚಪ್ಪಟೆಯಾಗಿ ಕೂರುವವುಗಳಲ್ಲಿ. ನಾಲ್ಕೂ ರೆಕ್ಕೆಗಳನ್ನು ಗೋಡೆಗೆ ಅಂಟಿಸಿದಂತೆ ಹರಡಿ ಕೂತ, ಸಣಕಲು ದೇಹದ ಪತಂಗ ಬಹುಮಟ್ಟಿಗೆ ಜಿಯೊಮೆಟ್ರಿಡೆ. ಗೇಣು ಹಾಕುತ್ತ ನಡೆಯುವ ಹುಳುಗಳು ಬೆಳೆದು ಆಗುವಂಥವು. ಇವುಗಳಲ್ಲಿ ಮುಂದಿನ ರೆಕ್ಕೆಯ ಗೆರೆ ಹಿಂದಿನ ರೆಕ್ಕೆಗೂ ಮುರಿಯದೆ ಸಾಗುತ್ತದೆ. ಕಾರಣ ಸರಳ: ಎರಡೂ ರೆಕ್ಕೆ ಕಣ್ಣಿಗೆ ಬೀಳುವುದರಿಂದ ಮರೆಮಾಚುವ ಚಿತ್ತಾರ ಎರಡರಲ್ಲೂ ಬೇಕು. ನಾಕ್ಟುಯಿಡೆಯವು ಮುಂದಿನ ರೆಕ್ಕೆಯನ್ನು ಮನೆಯ ಸೂರಿನಂತೆ ಇಳಿಜಾರಾಗಿ ಮುಚ್ಚಿ ಹಿಂದಿನದನ್ನು ಒಳಗೆ ಬಚ್ಚಿಡುತ್ತವೆ. ಕಾಣದ ರೆಕ್ಕೆ ಬಹುಪಾಲು ಬರಿ ಬೂದಿ ಅಥವಾ ಬಿಳಿ. ಹೀಗಿದ್ದೂ ಎರೆಬಿಡೆ ಕುಟುಂಬದ ದೊಡ್ಡ ಪತಂಗಗಳು, ಉದಾಹರಣೆಗೆ ಎರೆಬಸ್ ಕುಲದವು, ರೆಕ್ಕೆ ಹರಡಿಯೇ ಕೂರುತ್ತವೆ, ಗೆರೆಯೂ ಎರಡರಲ್ಲಿ ಹರಿಯುತ್ತದೆ. ಆಗ ದೇಹ ನೋಡಿ. ಎದೆ ದಪ್ಪಗೆ, ತುಪ್ಪಳ ಹೊದ್ದಂತಿದ್ದರೆ ಎರೆಬಿಡೆಯ ಕಡೆ ವಾಲಬೇಕು. ಇದೂ ಪೂರ್ತಿ ಖಚಿತವಲ್ಲ. ಮೇಲೆ ಹೇಳಿದ ಬಿಸ್ಟನ್ ದಪ್ಪ ದೇಹದ್ದಾದರೂ ಜಿಯೊಮೆಟ್ರಿಡೆಯೇ.

ಕೂತಾಗ ಹಿಂದಿನ ರೆಕ್ಕೆಯ ಅಂಚು ಮುಂದಿನ ರೆಕ್ಕೆಯ ಮುಂದಕ್ಕೆ ಇಣುಕಿದ್ದರೆ, ಒಣಗಿದೆಲೆಯಂಥ ದಪ್ಪ ಪತಂಗವಾಗಿದ್ದರೆ ಲಾಸಿಯೊಕ್ಯಾಂಪಿಡೆಯನ್ನು ನೆನಪಿಸಿಕೊಳ್ಳಿ. ಪಕ್ಕದಿಂದ ನೋಡಿದಾಗ ಬೆನ್ನ ನಡುವೆ ಹುರುಪೆಯ ಹಲ್ಲೊಂದು ಎದ್ದಿದ್ದರೆ ನೊಟೊಡೊಂಟಿಡೆ. ಮುಂದಿನ ರೆಕ್ಕೆಯ ಹಿಂಅಂಚಿನಲ್ಲಿ ಇರುವ ಕುಚ್ಚು ರೆಕ್ಕೆ ಮಡಚಿದಾಗ ಹಾಗೆ ನಿಲ್ಲುತ್ತದೆ. ಚಪ್ಪಟೆ ತ್ರಿಕೋನವಾಗಿ ಕೂತು, ತೆಳ್ಳನೆಯ ಉದ್ದ ಕಾಲುಗಳ ಮೇಲೆ ದೇಹ ಎತ್ತಿಕೊಂಡು, ಮೂತಿ ಮುಂದೆ ಚಾಚಿದ್ದರೆ ಕ್ರಾಂಬಿಡೆ.

ಮೀಸೆ ಮತ್ತು ಮುಖ

ಮೀಸೆ ದಾರದಂತಿದೆಯೇ, ಒಂದು ಬದಿಗೆ ಹಲ್ಲಿದೆಯೇ, ಎರಡೂ ಬದಿಗೆ ಗರಿಯಿದೆಯೇ, ಗರಿ ತುದಿಯವರೆಗೂ ಇದೆಯೇ ಅಥವಾ ಮುಕ್ಕಾಲಿಗೇ ನಿಂತಿದೆಯೇ ಎಂದು ಬರೆದುಕೊಳ್ಳಿ. ಕೊನೆಯ ಪ್ರಶ್ನೆ ಹೋಲಿಕೆಯ ಪ್ರಭೇದಗಳನ್ನು ಬಿಡಿಸುವಾಗ ಕೆಲಸಕ್ಕೆ ಬರುತ್ತದೆ. ಅಗಲ ಗರಿಯ ಮೀಸೆ ಸಾಮಾನ್ಯವಾಗಿ ಗಂಡಿನ ಗುರುತು; ದೂರದ ಹೆಣ್ಣಿನ ವಾಸನೆ ಹಿಡಿಯಲು ಅಷ್ಟು ಹರವು ಬೇಕು. ಅದೇ ಪ್ರಭೇದದ ಹೆಣ್ಣಿನಲ್ಲಿ ಮೀಸೆ ದಾರದಂತಿರಬಹುದು, ಹಾಗಾಗಿ ಮೀಸೆ ಬೇರೆ ಎಂಬ ಒಂದೇ ಕಾರಣಕ್ಕೆ ಬೇರೆ ಪ್ರಭೇದ ಎನ್ನಬಾರದು. ಹಾಕ್ ಮಾತ್‌ಗಳ ಮೀಸೆ ನಡುವೆ ದಪ್ಪವಾಗಿ ತುದಿಯಲ್ಲಿ ಕೊಕ್ಕೆಯಂತೆ ಬಾಗಿರುತ್ತದೆ.

ಮುಖದಲ್ಲಿ ನೋಡಬೇಕಾದದ್ದು ಬಾಯಿಯ ಎರಡು ಬದಿಯಿಂದ ಹೊರಡುವ ಪಾಲ್ಪ್ ಎಂಬ ಜೋಡಿ ಅಂಗ. ಅದು ಮೂಗಿನಂತೆ ನೇರ ಮುಂದಕ್ಕಿದ್ದರೆ ಪೈರಾಲಿಡೆ, ಕ್ರಾಂಬಿಡೆ ಇರಬಹುದು. ಕುಡುಗೋಲಿನಂತೆ ಬಾಗಿ ತಲೆಯ ಮೇಲಕ್ಕೆ ಏರಿದ್ದರೆ ಮತ್ತು ಪತಂಗ ಪುಟ್ಟದಾಗಿದ್ದರೆ ಜೆಲೆಕಿಡೆಯನ್ನು ಯೋಚಿಸಿ. ಎರೆಬಿಡೆಯೊಳಗಿನ ಹೈಪೆನಾ ಗುಂಪಿಗೂ ಉದ್ದ ಮೂತಿಯಿದೆ. ಇಲ್ಲಿ ಸಂದೇಹ ಬಿಡಿಸಲು ಒಂದು ಒಳ್ಳೆಯ ಉಪಾಯವಿದೆ: ಹೀರುಕೊಳವೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿ. ಪೈರಾಲಿಡೆ, ಕ್ರಾಂಬಿಡೆ, ಜೆಲೆಕಿಡೆಗಳಲ್ಲಿ ಬುಡಕ್ಕೆ ಹುರುಪೆ ಹೊದಿಕೆಯಿರುತ್ತದೆ. ಹೈಪೆನಾ ಸೇರಿದಂತೆ ಎರೆಬಿಡೆಯಲ್ಲೂ ನಾಕ್ಟುಯಿಡೆಯಲ್ಲೂ ಬೋಳು. ಹೀರುಕೊಳವೆಯೇ ಕಾಣದಿದ್ದರೆ ಅದೂ ಸುಳಿವು. ಅಟ್ಲಾಸ್ ಪತಂಗ, ಚಂದ್ರ ಪತಂಗಗಳಿರುವ ಸಾಟರ್ನಿಡೆ ಕುಟುಂಬದ ಪ್ರೌಢ ಪತಂಗಗಳು ಏನೂ ತಿನ್ನುವುದಿಲ್ಲ, ಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆ ಕೆಲವು ದಿನ ಬದುಕುತ್ತವೆ.

ರೆಕ್ಕೆಯ ನಕ್ಷೆ

ಇಲ್ಲಿ ಸಮಯ ಕೊಡಿ. ಮುಂದಿನ ರೆಕ್ಕೆಯನ್ನು ಒಂದು ತ್ರಿಕೋನ ಎಂದುಕೊಳ್ಳಿ. ಎದೆಗೆ ಸೇರುವ ಜಾಗ ಬುಡ. ತಲೆಯ ಕಡೆಯ ಉದ್ದನೆ ಬದಿ ಮುಂಅಂಚು, ಅದು ಮುಗಿಯುವ ಮೂಲೆ ತುದಿ. ತುದಿಯಿಂದ ಕೆಳಗಿಳಿಯುವುದು ಹೊರಅಂಚು, ಅದರ ಅಂಚಿಗೆ ಹುರುಪೆಯ ಝಾಲರು. ಉಳಿದ ಬದಿ ಹಿಂಅಂಚು.

ನಾಕ್ಟುಯಿಡೆಯಂಥ ಪತಂಗದಲ್ಲಿ ಈ ತ್ರಿಕೋನವನ್ನು ಮೂರು ಅಡ್ಡಗೆರೆ ಹಂಚಿಕೊಂಡಿರುತ್ತವೆ. ಬುಡದಿಂದ ಹೊರಟರೆ ಮೊದಲು ಒಳಗೆರೆ, ಅರ್ಧ ದಾಟಿದ ಮೇಲೆ ಹೊರಗೆರೆ, ಹೊರಅಂಚಿನ ಸ್ವಲ್ಪ ಮೊದಲು ಅಂಚುಗೆರೆ. ಒಳಗೆರೆ ಮತ್ತು ಹೊರಗೆರೆಯ ನಡುವೆ ಎರಡು ಮುಖ್ಯ ಚುಕ್ಕೆ: ಬುಡದ ಕಡೆಗೆ ದುಂಡು ಚುಕ್ಕೆ, ತುದಿಯ ಕಡೆಗೆ ಗೋಡಂಬಿಯಾಕಾರದ ಚುಕ್ಕೆ. ಕೆಲವದರಲ್ಲಿ ದುಂಡು ಚುಕ್ಕೆಯ ಕೆಳಗೆ ಮೊಳೆಯಂಥ ಮೂರನೆಯದೂ ಇರುತ್ತದೆ. ಗೋಡಂಬಿ ಚುಕ್ಕೆಯನ್ನು ಮೊದಲು ಹುಡುಕಿ. ಅದು ಸಿಕ್ಕರೆ ಅದರ ಹೊರಗಿನದು ಹೊರಗೆರೆ, ಒಳಗಿನದು ಒಳಗೆರೆ. ಉಳಿದದ್ದೆಲ್ಲ ತಾನಾಗಿ ಜಾಗಕ್ಕೆ ಕೂರುತ್ತದೆ. ಗೆರೆಯಿಂದ ಶುರು ಮಾಡಿದರೆ ಮಾಸಿದ ಪತಂಗದಲ್ಲಿ ಯಾವುದು ಯಾವುದೆಂದು ತಿಳಿಯದೆ ಸುತ್ತುತ್ತಲೇ ಇರುತ್ತೀರಿ.

ಪ್ರತಿ ಗೆರೆಗೂ ಮೂರು ಸಂಗತಿ ಬರೆಯಿರಿ: ಮುಂಅಂಚನ್ನು ಎಲ್ಲಿ ಮುಟ್ಟುತ್ತದೆ, ನೇರವೋ ಡೊಂಕೋ ಗರಗಸವೋ, ಒಂಟಿಯೋ ಜೋಡಿಯೋ. ಚುಕ್ಕೆಗೆ ಆಕಾರ, ಸುತ್ತಲಿನ ಬಳೆ, ಒಳಗಿನ ತುಂಬು. ಮಾತಿಗಿಂತ ಪೆನ್ಸಿಲ್ ಚಿತ್ರ ಒಳ್ಳೆಯದು. ಚಿತ್ರ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ಬಿಡಿಸಲು ಹೊರಟಾಗ ಮಾತ್ರ ಕಣ್ಣು ಗೆರೆಯ ಡೊಂಕನ್ನು ಗಮನಿಸುತ್ತದೆ.

ಈ ನಕ್ಷೆಯ ಉಪಯೋಗ ಬೆಳೆಗಾರರಿಗೂ ಇದೆ. ಹೆಣ್ಣಿನ ವಾಸನೆಯ ಆಮಿಷವಿಟ್ಟ ಮೋಹಕ ಬಲೆಗೆ ಬಿದ್ದ, ಮೆಕ್ಕೆಜೋಳದ ಪೀಡೆಯಾದ ಫಾಲ್ ಸೈನಿಕ ಹುಳುವಿನ ಗಂಡು ಪತಂಗದಲ್ಲಿ ಮುಂದಿನ ರೆಕ್ಕೆಯ ತುದಿಯ ಹತ್ತಿರ ಬಿಳಿ ಮಚ್ಚೆ, ಓರೆಯಾದ ಹುಲ್ಲುಬಣ್ಣದ ದುಂಡು ಚುಕ್ಕೆ ಎದ್ದು ಕಾಣುತ್ತವೆ; ಹಿಂದಿನ ರೆಕ್ಕೆ ಬೆಳ್ಳಿಬಿಳುಪು, ಅಂಚಿಗೆ ಸಣ್ಣ ಕಪ್ಪು ಗೆರೆ. ರೆಕ್ಕೆ ಹರವು 32ರಿಂದ 40 ಮಿ.ಮೀ. ಅದರ ಸಂಬಂಧಿ ಸ್ಪೊಡೊಪ್ಟೆರಾ ಲಿಟುರಾದ ಹಿಂದಿನ ರೆಕ್ಕೆಯೂ ಬಿಳಿಯೇ, ಆದರೆ ಮುಂದಿನ ರೆಕ್ಕೆಯಲ್ಲಿ ತಿಳಿಗೆರೆಗಳು ಬಲೆಯಂತೆ ಹೆಣೆದುಕೊಂಡಿರುತ್ತವೆ. ಬಲೆಗೆ ಬೇರೆ ಪ್ರಭೇದಗಳೂ ಬೀಳುವುದರಿಂದ ಬಿದ್ದದ್ದನ್ನೆಲ್ಲ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಅಂಟು ಬಲೆಯಲ್ಲಿ ಹುರುಪೆ ಕಿತ್ತುಹೋಗುವುದರಿಂದ ಗುರುತಿಸಲು ಬಕೆಟ್ ಮಾದರಿಯ ಬಲೆಯೇ ಮೇಲು. ಎಲೆಕೋಸಿನ ಶತ್ರು ವಜ್ರಬೆನ್ನಿನ ಪತಂಗಕ್ಕಂತೂ ಭೂತಗನ್ನಡಿಯೂ ಬೇಡ: ರೆಕ್ಕೆ ಮಡಚಿದಾಗ ಎರಡೂ ಹಿಂಅಂಚಿನ ತಿಳಿ ಅಲೆಗಳು ಕೂಡಿ ಬೆನ್ನ ಮೇಲೆ ವಜ್ರದ ಸಾಲಾಗುತ್ತವೆ, ಮೀಸೆ ನೇರ ಮುಂದಕ್ಕೆ ಚಾಚಿರುತ್ತದೆ.

ಮುಚ್ಚಿಟ್ಟ ಭಾಗಗಳು

ಹಣ್ಣು ಚುಚ್ಚುವ ಯೂಡೊಸಿಮಾ ಪತಂಗಗಳ ಮುಂದಿನ ರೆಕ್ಕೆ ಒಣಗಿದೆಲೆ, ಗಂಡು ಹೆಣ್ಣಿನಲ್ಲೂ ಬೇರೆ. ಹೆಸರಿನ ಸುಳಿವು ಇರುವುದು ಕಿತ್ತಳೆ ಬಣ್ಣದ ಹಿಂದಿನ ರೆಕ್ಕೆಯಲ್ಲಿ: ಮೆಟರ್ನಾ ಪ್ರಭೇದಕ್ಕೆ ನಡುವೆ ದುಂಡು ಕರಿಚುಕ್ಕೆ, ಫಲೋನಿಯಾಕ್ಕೆ ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಕರಿ ಪಟ್ಟೆ. ಮುಂದಿನ ರೆಕ್ಕೆಯ ಚಂದದ ಫೋಟೊ ನೂರು ತೆಗೆದರೂ ಇದು ತಿಳಿಯುವುದಿಲ್ಲ.

ಹಾಕ್ ಮಾತ್‌ಗಳಲ್ಲಿ ಹೊಟ್ಟೆಯನ್ನು ಮರೆಯಬೇಡಿ. ಅಗ್ರಿಯಸ್ ಕಾನ್ವಾಲ್ವುಲಿ ಮುಚ್ಚಿ ಕೂತಾಗ ಬರಿ ಬೂದಿ. ರೆಕ್ಕೆ ಸರಿಸಿದರೆ ಹೊಟ್ಟೆಯ ಬದಿಗಳಲ್ಲಿ ಗುಲಾಬಿ, ಕಪ್ಪು ಪಟ್ಟೆಗಳು. ಎದೆಯ ಮೇಲೆ ತಲೆಬುರುಡೆಯಂಥ ಗುರುತಿರುವ ಅಕೆರೋಂಶಿಯಾ ಕುಲದಲ್ಲಿ ಮೂರೇ ಪ್ರಭೇದ, ಭಾರತದಲ್ಲಿ ಸ್ಟಿಕ್ಸ್ ಮತ್ತು ಲ್ಯಾಕೆಸಿಸ್. ಹಿಂದಿನ ಹಳದಿ ರೆಕ್ಕೆಯ ಬುಡವೇ ಕಪ್ಪಾಗಿದ್ದರೆ ಲ್ಯಾಕೆಸಿಸ್. ಹಿಡಿದಾಗ ಕೀಚ್ ಎಂದು ಕೂಗಿದರೆ ಗಾಬರಿಯಾಗಬೇಡಿ, ಹೀರುಕೊಳವೆಯ ಮೂಲಕ ಗಾಳಿ ತಳ್ಳಿ ಮಾಡುವ ಸದ್ದು ಅದು.

ಎಲ್ಲಿ ಎಡವುತ್ತೇವೆ

ಸವೆತ ಮೊದಲನೆಯದು. ಹೊಸ ಪತಂಗದ ಝಾಲರು ಪೂರ್ತಿಯಿರುತ್ತದೆ. ಅದು ಅಲ್ಲಲ್ಲಿ ಹರಿದಿದ್ದರೆ ರೆಕ್ಕೆಯ ಗೆರೆಗಳೂ ಮಾಸಿವೆ ಎಂದು ತಿಳಿದೇ ಮುಂದುವರಿಯಿರಿ. ಆಗ ‘ಗೆರೆ ಇಲ್ಲ’ ಎಂಬುದಕ್ಕೆ ಅರ್ಥವಿಲ್ಲ, ‘ಇದೆ’ ಎಂಬುದಕ್ಕೆ ಮಾತ್ರ ಅರ್ಥ. ಎದೆಯ ಮೇಲಿನ ಕುಚ್ಚುಗಳೂ ಹೀಗೆಯೇ ಉದುರಿ ಬೋಳಾಗುತ್ತವೆ. ಜಿಯೊಮೆಟ್ರಿಡೆಯ ಹಸಿರು ಪತಂಗಗಳ ಬಣ್ಣ ತೇವ ತಾಗಿದರೆ, ಹಳತಾದರೆ ಹಳದಿ, ಕಂದಿಗೆ ತಿರುಗುತ್ತದೆ. ಅವುಗಳನ್ನು ಪುಸ್ತಕದ ಕಂದು ಪುಟಗಳಲ್ಲಿ ಹುಡುಕಿ ಸೋತವರು ಅನೇಕರು.

ವೇಷಧಾರಿಗಳು ಎರಡನೆಯದು. ಅಮಟಾ ಕುಲದ ಪತಂಗಗಳು ಪಟ್ಟೆ ಹೊಟ್ಟೆ, ಪಾರದರ್ಶಕ ಕಿಟಕಿಯ ರೆಕ್ಕೆಯಿಂದ ಕಣಜದಂತೆ ಕಾಣುತ್ತವೆ. ಸೆಫನೋಡಿಸ್ ಹೈಲಾಸ್ ಎಂಬ ಹಾಕ್ ಮಾತ್ ಕೋಶದಿಂದ ಹೊರಬರುವಾಗ ಹುರುಪೆಯಿದ್ದರೂ ಮೊದಲ ಹಾರಾಟದಲ್ಲೇ ಉದುರಿಸಿ ಗಾಜಿನ ರೆಕ್ಕೆಯದಾಗುತ್ತದೆ. ಚೀಲದ ಹುಳುಗಳ ಬಳಗದ ಹಲವು ಹೆಣ್ಣುಗಳಿಗೆ ರೆಕ್ಕೆಯೇ ಇಲ್ಲ. ಅಲ್ಲಿ ಈ ಲೇಖನದ ಅರ್ಧ ಭಾಗ ಕೆಲಸಕ್ಕೆ ಬಾರದು.

ಮೊಬೈಲ್ ಆ್ಯಪ್‌ಗಳು ಚಿತ್ರ ನೋಡಿ ಹೆಸರು ಸೂಚಿಸುತ್ತವೆ. ಸೂಚನೆಯಾಗಿ ತೆಗೆದುಕೊಳ್ಳಿ, ತೀರ್ಪಾಗಿ ಬೇಡ. ಅದು ಹೇಳಿದ ಹೆಸರಿನ ಕುಲದಲ್ಲಿ ನಿಮ್ಮ ಪ್ರದೇಶದಲ್ಲಿರುವ ಬೇರೆ ಪ್ರಭೇದಗಳು ಯಾವುವು, ಅವುಗಳಿಂದ ಬೇರ್ಪಡಿಸುವ ಗುರುತು ನಿಮ್ಮ ಫೋಟೊದಲ್ಲಿ ಕಾಣುತ್ತದೆಯೇ ಎಂದು ಕೇಳಿಕೊಳ್ಳಿ. ಕಾಣದಿದ್ದರೆ ಕುಲದ ಹೆಸರಿಗೇ ನಿಲ್ಲಿಸಿ.

ಹಾಗೆ ನಿಲ್ಲಿಸುವುದು ಸೋಲಲ್ಲ. ಕಾಯಿಕೊರಕ ಹೆಲಿಕೊವರ್ಪಾ ಆರ್ಮಿಜೆರಾ ಮತ್ತು ಅಮೆರಿಕ ಖಂಡದ ಹೆಲಿಕೊವರ್ಪಾ ಜಿಯಾ ಎಷ್ಟು ಹೋಲುತ್ತವೆಂದರೆ ರೆಕ್ಕೆ ನೋಡಿ ಯಾರೂ ಖಚಿತವಾಗಿ ಹೇಳಲಾರರು. ಆರ್ಮಿಜೆರಾ ಬ್ರೆಜಿಲ್ ಹೊಕ್ಕಿದೆ ಎಂದು 2013ರಲ್ಲಿ ದೃಢವಾಗುವ ಹೊತ್ತಿಗೆ ಅದು ಅಲ್ಲಿ ಆಗಲೇ ನೆಲೆಯೂರಿತ್ತು. ಇಂಥ ಕಡೆ ಪರಿಣತರು ಹೊಟ್ಟೆಯ ತುದಿಯನ್ನು ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಮೆದುಗೊಳಿಸಿ ಜನನಾಂಗದ ರಚನೆ ನೋಡುತ್ತಾರೆ, ಇಲ್ಲವೇ ಒಂದು ಕಾಲು ಕಿತ್ತು ಸುಮಾರು 650 ಅಕ್ಷರದ ಡಿಎನ್‌ಎ ತುಣುಕನ್ನು ಓದಿಸುತ್ತಾರೆ. ಆ ದ್ರಾವಣ ಚರ್ಮ, ಕಣ್ಣು ಸುಡುವಂಥದ್ದು, ಮನೆಯಲ್ಲಿ ಪ್ರಯೋಗಕ್ಕಿಳಿಯಬೇಡಿ.

ದಾಖಲೆ ಬರೆಯುವಾಗ ದಿನಾಂಕ, ಗಂಟೆ, ಜಾಗ, ದೀಪದ ಬಗೆ, ಮುಂದಿನ ರೆಕ್ಕೆಯ ಉದ್ದ, ಭಂಗಿ, ಗಂಡೋ ಹೆಣ್ಣೋ, ಝಾಲರಿನ ಸ್ಥಿತಿ ಇಷ್ಟನ್ನೂ ಹಾಕಿ. ಹೆಸರಿನ ಪಕ್ಕದಲ್ಲಿ ಯಾವ ಗುರುತಿನ ಆಧಾರದ ಮೇಲೆ ಆ ಹೆಸರು ಕೊಟ್ಟಿರಿ ಎಂದು ಒಂದು ಸಾಲು ಇರಲಿ. ಮುಂದೆ ಯಾರಾದರೂ ಹೆಸರು ತಿದ್ದಬೇಕಾದರೆ ಅವರು ಮೊದಲು ಹುಡುಕುವುದು ಆ ಸಾಲನ್ನೇ.